ಹೆಸರು ಹುಡುಗನದು, ಹಣ ಯಾರದು?

ಅಮೆರಿಕದ ಕಾಲೇಜು ಆಟಗಾರರಿಗೆ ತಮ್ಮ ಸ್ವಂತ ಹೆಸರಿನಿಂದ ಹಣ ಗಳಿಸುವ ಅವಕಾಶ ಸಿಕ್ಕಿದ್ದು 2021ರ ಜುಲೈ 1ರಂದು. ಅದರ ಹಿಂದಿನ ದಿನದವರೆಗೆ ಅಲ್ಲಿನ ಕಾಲೇಜು ಆಟಗಾರನೊಬ್ಬ ಬೂಟಿನ ಜಾಹೀರಾತಿಗೆ ಮುಖ ಕೊಟ್ಟು ಹಣ ಪಡೆದರೆ, ಅಭಿಮಾನಿಯ ಅಂಗಿಗೆ ಸಹಿ ಹಾಕಿ ನಾಲ್ಕು ಡಾಲರ್ ಕಿಸೆಗಿಳಿಸಿದರೆ, ತಂಡದಲ್ಲಿ ಆಡುವ ಅರ್ಹತೆಯನ್ನೇ ಕಳೆದುಕೊಳ್ಳಬೇಕಾಗುತ್ತಿತ್ತು. ಅದೇ ಕಾಲೇಜಿನಲ್ಲಿ ಸಂಗೀತ ಕಲಿಯುವ ಹುಡುಗ ಸಂಜೆ ಹೋಟೆಲಿನಲ್ಲಿ ಪಿಟೀಲು ನುಡಿಸಿ ಸಂಪಾದಿಸಬಹುದಿತ್ತು. ಸಾಹಿತ್ಯ ಓದುವ ಹುಡುಗಿ ಕಾದಂಬರಿ ಬರೆದು ಗೌರವಧನ ಪಡೆಯಬಹುದಿತ್ತು. ಆಟಗಾರನಿಗೆ ಮಾತ್ರ ಇದು ನಿಷಿದ್ಧ. ಈ ನಿಷೇಧ ಬಿದ್ದುಹೋದದ್ದನ್ನು ಕೆಲವರು ಬಿಡುಗಡೆ ಎಂದು ಕರೆದರು. ಇನ್ನು ಕೆಲವರು ಕಾಲೇಜು ಕ್ರೀಡೆಯ ಆತ್ಮವೇ ಹೋಯಿತೆಂದು ಮರುಗಿದರು. ಆ ವಾದ ಇನ್ನೂ ನಿಂತಿಲ್ಲ.

ಕ್ರೀಡಾಪುಟಕ್ಕೆ ಸೇರಬೇಕಾದ ಈ ವಿಷಯವನ್ನು ಕಥೆ ಬರೆಯುವ ನಾವು ಎತ್ತಿಕೊಳ್ಳಲು ಒಂದು ಕಾರಣವಿದೆ. ಈ ಜಗಳದ ಬುಡದಲ್ಲಿರುವುದು ಒಂದು ಪದ. ಆ ಪದವನ್ನು ಬೇಕೆಂದೇ ಹುಟ್ಟಿಸಿ, ನಿಯಮದ ಪುಸ್ತಕದಲ್ಲಿ ಕೂರಿಸಿ, ಅದರ ನೆರಳಿನಲ್ಲಿ ದಶಕಗಳ ಕಾಲ ದೊಡ್ಡ ವ್ಯಾಪಾರ ನಡೆಸಲಾಯಿತು. ಒಂದು ಪದ ಯಾರ ಬಾಯಿಂದ ಹೊರಟಿತು, ಯಾರ ಹೊಟ್ಟೆಯ ಮೇಲೆ ಹೊಡೆಯಿತು ಎಂದು ಕೇಳುವುದೂ ವಿಮರ್ಶೆಯ ಕೆಲಸವೇ ಎಂದು ನಾವು ತಿಳಿದಿದ್ದೇವೆ.

ಮೊದಲು ಅಲ್ಲಿನ ವ್ಯವಸ್ಥೆಯ ಗಾತ್ರವನ್ನು ಸ್ವಲ್ಪ ಹೇಳಬೇಕು. ನಮ್ಮಲ್ಲಿ ಕಾಲೇಜು ಕ್ರೀಡೆಯೆಂದರೆ ವಾರ್ಷಿಕೋತ್ಸವಕ್ಕೆ ಮುಂಚಿನ ಎರಡು ದಿನ, ಹೆಚ್ಚೆಂದರೆ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ. ಅದಕ್ಕೆ ಟಿಕೆಟ್ ಕೊಳ್ಳುವವರಿಲ್ಲ. ಅಮೆರಿಕದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣವೊಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಕಾಲೇಜು ಹುಡುಗರ ವಾರ್ಷಿಕ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ಪ್ರಸಾರಕ್ಕಾಗಿ ಸಿಬಿಎಸ್ ಮತ್ತು ಟರ್ನರ್ ಕಂಪನಿಗಳು 2010ರಲ್ಲಿ ಮಾಡಿಕೊಂಡ 14 ವರ್ಷಗಳ ಒಪ್ಪಂದದ ಮೊತ್ತ 1,080 ಕೋಟಿ ಡಾಲರ್. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಸರ್ಕಾರಿ ಬೊಕ್ಕಸದ ಲೆಕ್ಕದಲ್ಲಿ ಅತಿ ಹೆಚ್ಚು ಸಂಬಳ ಪಡೆಯುವಾತ ರಾಜ್ಯಪಾಲನೂ ಅಲ್ಲ, ಕುಲಪತಿಯೂ ಅಲ್ಲ, ಸರ್ಕಾರಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್. ಈ ಇಡೀ ಲೋಕವನ್ನು ಆಳುತ್ತ ಬಂದ ಸಂಸ್ಥೆ ಎನ್‌ಸಿಎಎ, ಅಂದರೆ ಅಲ್ಲಿನ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘ. 1905ರಲ್ಲಿ ಕಾಲೇಜು ಫುಟ್‌ಬಾಲಿನಲ್ಲಿ ಸಾವುಗಳು ಹೆಚ್ಚಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜುಗಳ ಪ್ರತಿನಿಧಿಗಳನ್ನು ಕರೆಸಿ ಮಾತಾಡಿದ ಮೇಲೆ, 1906ರಲ್ಲಿ ಹುಟ್ಟಿದ ಸಂಸ್ಥೆಯಿದು. ಹುಡುಗರ ಪ್ರಾಣ ಉಳಿಸಲು ಹುಟ್ಟಿದ್ದು ಕ್ರಮೇಣ ಹುಡುಗರ ಕಿಸೆ ಕಾಯಲು ನಿಂತಿತು.

ಕಿಸೆ ಕಾಯಲು ಅದು ಹಿಡಿದ ಕೋಲಿನ ಹೆಸರು ‘ಅಮೆಚೂರ್’. ಈ ಪದಕ್ಕೆ ಪ್ರೀತಿಯಿಂದ ಮಾಡುವವನು ಎಂಬ ಮೂಲಾರ್ಥವಿದೆ. ಆದರೆ ಇಂಗ್ಲೆಂಡಿನ ಕ್ರೀಡೆಯಲ್ಲಿ ಅದು ಪ್ರೀತಿಗಿಂತ ಹೆಚ್ಚಾಗಿ ಅಂತಸ್ತನ್ನು ಅಳೆಯುವ ಗಜಕಡ್ಡಿಯಾಗಿತ್ತು. ಥೇಮ್ಸ್ ನದಿಯ ಹೆನ್ಲಿ ದೋಣಿ ಪಂದ್ಯದವರು 1879ರಲ್ಲಿ ಮಾಡಿದ ನಿಯಮದ ಪ್ರಕಾರ, ಕೂಲಿಗಾಗಿ ಮೆಕ್ಯಾನಿಕ್ ಆಗಿಯೋ ಕುಶಲಕರ್ಮಿಯಾಗಿಯೋ ಕಾರ್ಮಿಕನಾಗಿಯೋ ದುಡಿದವನು ಅಮೆಚೂರ್ ಅಲ್ಲ. ಅವನು ಹುಟ್ಟು ಹಾಕಿ ಒಂದು ಕಾಸೂ ಪಡೆಯದಿದ್ದರೂ ಸರಿಯೆ, ಅವನ ಕೈ ಬೇರೆಲ್ಲೋ ದುಡಿದ ಕೈಯಾದರೆ ಸಾಕು, ದೋಣಿಗೆ ಮೈಲಿಗೆ. ಕ್ರಿಕೆಟ್ಟಿನಲ್ಲಿ ಸಂಭಾವಿತರು ಮತ್ತು ಆಟಗಾರರು ಎಂಬ ಎರಡು ಪಂಗಡಗಳು 1962ರವರೆಗೂ ಇದ್ದವು. ಹಣ ಪಡೆಯದ ಸಂಭಾವಿತನ ಇನಿಷಿಯಲ್ಲುಗಳು ಸ್ಕೋರ್‌ಕಾರ್ಡಿನಲ್ಲಿ ಹೆಸರಿಗಿಂತ ಮೊದಲು ಬರಬೇಕು, ಸಂಬಳದ ಆಟಗಾರನವು ಹೆಸರಿನ ನಂತರ. ಫ್ರೆಡ್ ಟಿಟ್ಮಸ್ ಎಂಬ ಸಂಬಳದ ಆಟಗಾರನ ಇನಿಷಿಯಲ್ಲುಗಳು ಕಣ್ತಪ್ಪಿ ಮೊದಲು ಅಚ್ಚಾಗಿದ್ದಕ್ಕೆ ಲಾರ್ಡ್ಸ್ ಮೈದಾನದ ಧ್ವನಿವರ್ಧಕದಲ್ಲಿ ತಿದ್ದುಪಡಿ ಕೂಗಿ ಹೇಳಿದ ಪ್ರಸಂಗ ಕ್ರಿಕೆಟ್ ಬಲ್ಲವರಿಗೆಲ್ಲ ಗೊತ್ತು. ಜಾತಿಯನ್ನು ಬಲ್ಲ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ನಾವು ಕಲಿತ ಎರಡು ಭಾಷೆಗಳಲ್ಲೂ ಈ ಗಜಕಡ್ಡಿಯ ತುಂಡುಗಳಿವೆ. ಉರ್ದುವಿನಲ್ಲಿ ಪ್ರೀತಿಯಿಂದ ಮಾಡುವುದಕ್ಕೆ ಶೌಕ್ ಎನ್ನುತ್ತೇವೆ, ಹೊಟ್ಟೆಪಾಡಿಗೆ ಮಾಡುವುದು ಪೇಶೆ. ‘ಶೌಕೀನ್’ ಎನ್ನುವಾಗ ದನಿಯಲ್ಲಿ ಇರುವ ಮೆಚ್ಚುಗೆ ‘ಪೇಶಾವರ್’ ಎನ್ನುವಾಗ ಇರುವುದಿಲ್ಲ. ಕನ್ನಡ ಈ ಶೌಕನ್ನು ತನ್ನೊಳಗೆ ತೆಗೆದುಕೊಂಡಿತು, ಆದರೆ ಅದನ್ನು ‘ಶೋಕಿ’ ಎಂದು ಕರೆಯಿತು. ನಮ್ಮ ಹಳ್ಳಿಯ ಜನ ಶೋಕಿ ಎನ್ನುವುದು ಉಳ್ಳವರ ಒಣ ಆಡಂಬರಕ್ಕೆ. ಉಣ್ಣಲು ಚಿಂತೆಯಿಲ್ಲದವನ ಪ್ರೀತಿ ದುಡಿಯುವವನ ಕಣ್ಣಿಗೆ ಹೇಗೆ ಕಾಣುತ್ತದೆಂದು ಆ ಒಂದು ಪದವೇ ಹೇಳುತ್ತದೆ. ನಮ್ಮ ನಾಟಕದ ಚರ್ಚೆಯಲ್ಲೂ ‘ವೃತ್ತಿ’ ಮತ್ತು ‘ಹವ್ಯಾಸಿ’ ಎಂಬ ಎರಡು ರಂಗಭೂಮಿಗಳಿದ್ದವು. ಊರೂರು ತಿರುಗಿ ಟೆಂಟು ಹಾಕಿ ಟಿಕೆಟ್ಟಿನ ಹಣದಲ್ಲಿ ಬದುಕಿದ ಕಂಪನಿ ನಾಟಕದವರನ್ನು ನಮ್ಮ ಓದಿದ ವರ್ಗ ಬಹುಕಾಲ ಕೀಳಾಗಿಯೇ ಕಂಡಿತು. ಹಗಲು ಕಚೇರಿಯ ಸಂಬಳ, ಸಂಜೆ ರಂಗಸೇವೆ ಎಂದವರಿಗೆ ಕಲಾವಿದರೆಂಬ ಗೌರವ ಬೇಗ ದಕ್ಕಿತು. ಹಣ ಮುಟ್ಟದ ಕಲೆ ಶುದ್ಧ ಎಂಬ ಮಾತನ್ನು ಆಡುವವರು ಸಾಮಾನ್ಯವಾಗಿ ಬೇರೊಂದು ಕಡೆಯಿಂದ ಹಣ ಬರುತ್ತಿರುವವರೇ ಆಗಿರುತ್ತಾರೆ.

ಅಮೆರಿಕದಲ್ಲಿ ಈ ಶುದ್ಧತೆಗೆ ಬಲಿಯಾದ ಮೊದಲ ದೊಡ್ಡ ಹೆಸರು ಜಿಮ್ ಥೋರ್ಪ್. ಸ್ಯಾಕ್ ಮತ್ತು ಫಾಕ್ಸ್ ಎಂಬ ಮೂಲನಿವಾಸಿ ಸಮುದಾಯದ ಹುಡುಗ, ಪೆನ್ಸಿಲ್ವೇನಿಯಾದ ಕಾರ್ಲೈಲ್ ಇಂಡಿಯನ್ ಶಾಲೆಯ ಆಟಗಾರ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್ ಮತ್ತು ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದ. ಅದಕ್ಕೆ ಮೊದಲು ಬೇಸಿಗೆಯಲ್ಲಿ ಸಣ್ಣ ಊರಿನ ಬೇಸ್‌ಬಾಲ್ ತಂಡಕ್ಕೆ ಚಿಲ್ಲರೆ ಹಣಕ್ಕೆ ಆಡಿದ್ದನೆಂಬ ಕಾರಣಕ್ಕೆ 1913ರಲ್ಲಿ ಎರಡೂ ಪದಕ ಕಿತ್ತುಕೊಂಡರು. ಆತ 1953ರಲ್ಲಿ ತೀರಿಕೊಂಡ. ಪದಕಗಳ ಪ್ರತಿಕೃತಿಗಳು ಮಕ್ಕಳ ಕೈಸೇರಿದ್ದು 1983ರಲ್ಲಿ. ಆ ಎರಡು ಸ್ಪರ್ಧೆಗಳ ಏಕೈಕ ವಿಜೇತ ಅವನೇ ಎಂದು ಒಲಿಂಪಿಕ್ ಸಮಿತಿ ಒಪ್ಪಿದ್ದು 2022ರಲ್ಲಿ, ಆತ ಗೆದ್ದು 110 ವರ್ಷಗಳಾದ ಮೇಲೆ.

ಹಾಗಾದರೆ ಕಾಲೇಜುಗಳು ಹಣದಿಂದ ದೂರವಿದ್ದವೇ? ಅಮೆರಿಕದ ಮೊತ್ತಮೊದಲ ಅಂತರ ಕಾಲೇಜು ಸ್ಪರ್ಧೆಯೆಂದು ಹೆಸರಾದ 1852ರ ಹಾರ್ವರ್ಡ್–ಯೇಲ್ ದೋಣಿ ಪಂದ್ಯವನ್ನು ಪ್ರಾಯೋಜಿಸಿದ್ದೇ ಒಂದು ರೈಲು ಕಂಪನಿ, ತನ್ನ ದಾರಿಗೆ ಪ್ರಯಾಣಿಕರನ್ನು ಸೆಳೆಯಲು. ಅಂದರೆ ಜಾಹೀರಾತು ಕಾಲೇಜು ಕ್ರೀಡೆಗೆ ಹೊರಗಿನಿಂದ ಬಂದು ಅಂಟಿದ ರೋಗವಲ್ಲ, ತೊಟ್ಟಿಲಿನಲ್ಲೇ ಜೊತೆಗಿತ್ತು. ಆಟಗಾರರಿಗೆ ಕದ್ದು ಹಣ ಕೊಡುವುದು ನಡೆದೇ ಇತ್ತು. 1956ರಲ್ಲಿ ಎನ್‌ಸಿಎಎ ಒಂದು ರಾಜಿ ಮಾಡಿಕೊಂಡಿತು. ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡಬಹುದು, ಅಂದರೆ ಶುಲ್ಕ, ಊಟ, ವಸತಿ, ಪುಸ್ತಕ, ಅದರಾಚೆಗೆ ಕೂಡದು. ಆಟಕ್ಕೆ ಪ್ರತಿಫಲ ಕೊಟ್ಟ ಮೇಲೆ ಅದು ದುಡಿಮೆಯಾಯಿತಲ್ಲ, ದುಡಿಮೆಯಾದರೆ ಕಾರ್ಮಿಕ ಕಾನೂನು ಬರುತ್ತದಲ್ಲ ಎಂಬ ಪ್ರಶ್ನೆ ಎದುರಾಯಿತು.

ಪ್ರಶ್ನೆ ಎತ್ತಿದ್ದು ಗಾಯಗೊಂಡ ಮೈಗಳು. ಡೆನ್ವರ್ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಅಭ್ಯಾಸದ ವೇಳೆ ಪೆಟ್ಟು ತಿಂದ ಆಟಗಾರ ನೆಮೆತ್‌ಗೆ ಕಾರ್ಮಿಕ ಪರಿಹಾರ ಸಲ್ಲಬೇಕೆಂದು 1953ರಲ್ಲಿ ಕೊಲರಾಡೊ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಹೇಳಿತು. ಕಾಲೇಜುಗಳು ಬೆಚ್ಚಿಬಿದ್ದವು. ಆಗ ಹುಟ್ಟಿದ ಪದವೇ ‘ಸ್ಟೂಡೆಂಟ್-ಅಥ್ಲೀಟ್’, ವಿದ್ಯಾರ್ಥಿ-ಕ್ರೀಡಾಪಟು. ನಡುವೆ ಒಂದು ಸಣ್ಣ ಗೆರೆ ಹಾಕಿ ಎರಡು ಮುಗ್ಧ ಪದಗಳನ್ನು ಜೋಡಿಸಲಾಯಿತು. 1955ರಲ್ಲಿ ಅದೇ ರಾಜ್ಯದ ಫೋರ್ಟ್ ಲೂಯಿಸ್ ಕಾಲೇಜಿನ ರೇ ಡೆನಿಸನ್ ಫುಟ್‌ಬಾಲ್ ಪಂದ್ಯದಲ್ಲಿ ತಲೆಗೆ ಏಟು ಬಿದ್ದು ಸತ್ತ. ಅವನ ಹೆಂಡತಿ ಪರಿಹಾರ ಕೇಳಿದಳು. ಕಾಲೇಜು ಫುಟ್‌ಬಾಲ್ ವ್ಯಾಪಾರದಲ್ಲಿಲ್ಲ, ಆದ್ದರಿಂದ ಪರಿಹಾರವಿಲ್ಲ ಎಂದು 1957ರಲ್ಲಿ ತೀರ್ಪಾಯಿತು. 1974ರಲ್ಲಿ ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ಕೆಂಟ್ ವಾಲ್ಡ್ರೆಪ್ ಪಂದ್ಯದ ನಡುವೆ ಬೆನ್ನುಹುರಿ ಮುರಿದು ಪಾರ್ಶ್ವವಾಯು ಪೀಡಿತನಾದ. ಆತನೂ ನೌಕರನಲ್ಲ ಎಂದು ಟೆಕ್ಸಸ್ ಮೇಲ್ಮನವಿ ನ್ಯಾಯಾಲಯ 2000ದಲ್ಲಿ ಹೇಳಿತು.

ಈ ಪದ ಹೇಗೆ ತಯಾರಾಯಿತೆಂದು ನಮಗೆ ಹೇಳಿದವನು ಅದನ್ನು ತಯಾರಿಸಿದವರಲ್ಲೇ ಒಬ್ಬ. 1951ರಿಂದ ಮೂರೂವರೆ ದಶಕ ಎನ್‌ಸಿಎಎ ಚುಕ್ಕಾಣಿ ಹಿಡಿದ ವಾಲ್ಟರ್ ಬೈಯರ್ಸ್ 1995ರಲ್ಲಿ ‘ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಕಾಂಡಕ್ಟ್’ ಎಂಬ ಪುಸ್ತಕ ಬರೆದ. ಆಟಗಾರರನ್ನು ನೌಕರರೆಂದು ಯಾರೂ ಕರೆಯದಂತೆ ಮಾಡಲು ತಾವೇ ಈ ಪದ ಹೆಣೆದು ನಿಯಮಗಳ ತುಂಬ ಸೇರಿಸಿದೆವೆಂದು ಅದರಲ್ಲಿ ಆತ ಬಿಚ್ಚಿಟ್ಟ. ಕಾಲೇಜು ಕ್ರೀಡೆಯಲ್ಲಿ ಜಮೀನ್ದಾರಿ ಮನೋಭಾವ ಬೇರೂರಿದೆ, ಆಟಗಾರರಿಗೂ ಜಾಹೀರಾತಿನ ಹಣ ಗಳಿಸುವ ಸ್ವಾತಂತ್ರ್ಯ ಕೊಡಬೇಕು ಎಂದ. ಪುಸ್ತಕ ದಿಟ್ಟವಾಗಿದೆ, ಮಾಹಿತಿ ದಟ್ಟವಾಗಿದೆ. ಆದರೆ ಅಧಿಕಾರದಿಂದ ಇಳಿದ ಮೇಲೆ ಬರೆಯುವವರ ಬರಹದಲ್ಲಿ ಸಾಮಾನ್ಯವಾಗಿ ಕಾಣುವ ಕೊರತೆ ಇಲ್ಲೂ ಇದೆ. ನಿಯಮ ಹೇಗೆ ಮಾಡಲಾಯಿತು ಎಂಬುದನ್ನು ಒಳಗಿನವನ ಖಚಿತತೆಯಿಂದ ಹೇಳುವ ಲೇಖಕ ಆ ನಿಯಮ ಯಾರ ಮೈಮೇಲೆ ಬಿತ್ತೋ ಅವರ ಮನೆಯ ಒಳಗೆ ಹೆಜ್ಜೆಯಿಡುವುದಿಲ್ಲ. ಆಟಗಾರರು ಅಲ್ಲಿ ಪ್ರಕರಣಗಳಾಗಿ ಬರುತ್ತಾರೆ, ಮನುಷ್ಯರಾಗಿ ಕಡಿಮೆ.

ಆ ಮನೆಯ ಒಳಗೆ ಹೋದದ್ದು ಒಂದು ಸಿನಿಮಾ. ಸ್ಟೀವ್ ಜೇಮ್ಸ್ ನಿರ್ದೇಶಿಸಿದ 1994ರ ಸಾಕ್ಷ್ಯಚಿತ್ರ ‘ಹೂಪ್ ಡ್ರೀಮ್ಸ್’ ಷಿಕಾಗೋ ನಗರದ ಇಬ್ಬರು ಕಪ್ಪು ಹುಡುಗರನ್ನು ಹದಿನಾಲ್ಕರ ಪ್ರಾಯದಿಂದ ಕಾಲೇಜು ಸೇರುವ ತನಕ ಹಿಂಬಾಲಿಸುತ್ತದೆ. ವಿಲಿಯಂ ಗೇಟ್ಸ್ ಮತ್ತು ಆರ್ಥರ್ ಏಜಿ. ಇಬ್ಬರನ್ನೂ ಬ್ಯಾಸ್ಕೆಟ್‌ಬಾಲಿಗಾಗಿ ದೂರದ ಖಾಸಗಿ ಶಾಲೆಯೊಂದು ಕರೆದುಕೊಳ್ಳುತ್ತದೆ. ಆರ್ಥರ್ ನಿರೀಕ್ಷಿಸಿದಷ್ಟು ಬೆಳೆಯದಿದ್ದಾಗ ಬಾಕಿ ಶುಲ್ಕದ ಕಾರಣಕ್ಕೆ ಅವನು ಹೊರಬೀಳುತ್ತಾನೆ. ವಿಲಿಯಂನ ಮಂಡಿ ಕೆಡುತ್ತದೆ, ಮನೆಯವರ ಆಸೆಯೆಲ್ಲ ಆ ಒಂದು ಮಂಡಿಯ ಮೇಲೆ ನಿಂತಿರುತ್ತದೆ. ಆರ್ಥರ್ ಮನೆಯಲ್ಲಿ ಬಿಲ್ಲು ಕಟ್ಟಲಾಗದೆ ದೀಪ ಹೋಗುತ್ತದೆ. ಬೂಟಿನ ಕಂಪನಿ ನಡೆಸುವ ಬೇಸಿಗೆ ಶಿಬಿರದಲ್ಲಿ ಸಾಲಾಗಿ ಕುಳಿತ ಕಾಲೇಜು ಕೋಚ್‌ಗಳು ಹುಡುಗರ ಎತ್ತರ, ನೆಗೆತ, ಓಟವನ್ನು ಗುರುತುಹಾಕಿಕೊಳ್ಳುವಾಗ ನಮಗೆ ಜಾನುವಾರು ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುವುದು ನೆನಪಾಗದಿರದು. ಅದೇ ಶಿಬಿರದಲ್ಲಿ ನಿರ್ದೇಶಕ ಸ್ಪೈಕ್ ಲೀ ಹುಡುಗರ ಮುಂದೆ ನಿಂತು, ನೀವು ಇಲ್ಲಿರುವುದು ನಿಮ್ಮಿಂದ ಇವರಿಗೆ ಹಣ ಬರುತ್ತದೆಂಬ ಕಾರಣಕ್ಕೆ ಮಾತ್ರ ಎಂಬ ಅರ್ಥದ ಮಾತಾಡುತ್ತಾನೆ. ಮೂರು ಗಂಟೆಗಳಷ್ಟು ಉದ್ದದ ಈ ಚಿತ್ರ ಯಾರನ್ನೂ ಖಳನಾಗಿಸುವುದಿಲ್ಲ. ಕೋಚ್ ಕೆಟ್ಟವನಲ್ಲ, ಶಾಲೆಯವರೂ ರಾಕ್ಷಸರಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸ ಮಾಡುತ್ತಿದ್ದಾರೆ, ಹಣ ಸಿಗದೆ ಕೆಲಸ ಮಾಡುತ್ತಿರುವವರು ಇಬ್ಬರೇ, ಆ ಹುಡುಗರು. ಕಥನದ ಬಲ ಅಲ್ಲಿದೆ.

ಹುಡುಗರಿಗೆ ನಿಷಿದ್ಧವಾದದ್ದು ಹಿರಿಯರಿಗೆ ಹೇಗಿತ್ತು? 1970ರ ದಶಕದ ಕೊನೆಯಲ್ಲಿ ನೈಕಿ ಕಂಪನಿಯ ಪರವಾಗಿ ಸನ್ನಿ ವಕಾರೊ ಎಂಬಾತ ಕಾಲೇಜು ಕೋಚ್‌ಗಳಿಗೆ ಹಣ ಕೊಟ್ಟು, ಅವರ ಆಟಗಾರರ ಕಾಲಿಗೆ ತನ್ನ ಬೂಟು ಹಾಕಿಸಿದ. ಬೂಟು ಹೊತ್ತ ಕಾಲು ಹುಡುಗನದು, ಚೆಕ್ಕು ಕೋಚ್‌ನದು. ಮುಂದೆ ಈ ಒಪ್ಪಂದಗಳು ನೇರ ವಿಶ್ವವಿದ್ಯಾಲಯಗಳ ಜೊತೆಗೇ ಆದವು. ಆಟಗಾರ ಬೂಟಿನ ಜಾಹೀರಾತು ಹೊತ್ತು ತಿರುಗಬಾರದೆಂದು ಯಾವ ಕಾಲದಲ್ಲೂ ಯಾರೂ ಹೇಳಲಿಲ್ಲ. ಅದಕ್ಕೆ ಅವನು ಹಣ ಪಡೆಯಬಾರದೆಂದಷ್ಟೇ ಹೇಳಿದರು.

ಈ ನಿಯಮದ ಕಾವಲು ಎಷ್ಟು ಬಿಗಿಯಾಗಿತ್ತೆಂದರೆ, ತಮ್ಮದೇ ಪದಕ, ಅಂಗಿಗಳನ್ನು ಮಾರಿದ, ಅವನ್ನು ಕೊಟ್ಟು ಕಡಿಮೆ ದರದಲ್ಲಿ ಹಚ್ಚೆ ಹಾಕಿಸಿಕೊಂಡ ತಪ್ಪಿಗೆ ಓಹಯೋ ಸ್ಟೇಟ್ ವಿಶ್ವವಿದ್ಯಾಲಯದ ಐವರು ಫುಟ್‌ಬಾಲ್ ಆಟಗಾರರಿಗೆ 2010ರಲ್ಲಿ ಐದು ಪಂದ್ಯಗಳ ನಿಷೇಧ ಬಿತ್ತು. ಜೆರೆಮಿ ಬ್ಲೂಮ್ ಎಂಬ ಹುಡುಗ ಒಲಿಂಪಿಕ್ಸ್ ಮಟ್ಟದ ಹಿಮಜಾರಾಟಗಾರನೂ ಹೌದು, ಕೊಲರಾಡೊ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರನೂ ಹೌದು. ಹಿಮಜಾರಾಟದ ಖರ್ಚಿಗೆ ಜಾಹೀರಾತಿನ ಹಣವೇ ಆಧಾರ. ಎನ್‌ಸಿಎಎ ನಿಯಮದಲ್ಲಿ ಒಂದು ವಿಚಿತ್ರವಿತ್ತು: ಬೇರೊಂದು ಆಟದಲ್ಲಿ ಸಂಬಳ ಪಡೆಯುವ ವೃತ್ತಿಪರನಾಗಿದ್ದರೂ ಕಾಲೇಜಿನಲ್ಲಿ ಇನ್ನೊಂದು ಆಟ ಆಡಬಹುದು, ಆದರೆ ಜಾಹೀರಾತಿನ ಹಣ ಕೂಡದು. 2004ರಲ್ಲಿ ಕೊಲರಾಡೊ ಮೇಲ್ಮನವಿ ನ್ಯಾಯಾಲಯವೂ ಈ ನಿಯಮದ ಪರ ನಿಂತಿತು. ಬ್ಲೂಮ್‌ನ ಕಾಲೇಜು ಫುಟ್‌ಬಾಲ್ ಅಲ್ಲಿಗೆ ಮುಗಿಯಿತು. 2014ರಲ್ಲಿ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದ ಕನೆಕ್ಟಿಕಟ್ ತಂಡದ ಷಬಾಜ್ ನೇಪಿಯರ್, ಎಷ್ಟೋ ರಾತ್ರಿ ಹಸಿದು ಮಲಗುತ್ತೇನೆಂದು ಪತ್ರಕರ್ತರ ಮುಂದೆ ಹೇಳಿದ. ಸಾವಿರ ಕೋಟಿ ಡಾಲರಿನ ಪಂದ್ಯಾವಳಿಯ ಗೆದ್ದಾಳು ಆಡಿದ ಈ ಮಾತು ಸಂಸ್ಥೆಗೆ ಎಷ್ಟು ಚುಚ್ಚಿತೆಂದರೆ, ಕೆಲವೇ ದಿನಗಳಲ್ಲಿ ಆಟಗಾರರಿಗೆ ಮಿತಿಯಿಲ್ಲದ ಊಟಕ್ಕೆ ಒಪ್ಪಿಗೆ ಸಿಕ್ಕಿತು.

ಕಟ್ಟಡ ಅಲುಗಾಡಿದ್ದು ಒಂದು ವಿಡಿಯೋ ಗೇಮಿನಿಂದ. 1995ರಲ್ಲಿ ಯುಸಿಎಲ್‌ಎ ತಂಡಕ್ಕೆ ಪ್ರಶಸ್ತಿ ತಂದ ಎಡ್ ಓಬ್ಯಾನನ್ ವರ್ಷಗಳ ನಂತರ ಸ್ನೇಹಿತನ ಮನೆಯಲ್ಲಿ ಮಗು ಆಡುತ್ತಿದ್ದ ಗೇಮಿನಲ್ಲಿ ತನ್ನನ್ನೇ ಕಂಡ. ಅದೇ ಬೋಳುತಲೆ, ಅದೇ ಎಡಗೈ, ಅದೇ 31ರ ಅಂಗಿ. ಹೆಸರು ಮಾತ್ರ ಬರೆದಿರಲಿಲ್ಲ. ಅವನನ್ನು ಯಾರೂ ಕೇಳಿರಲಿಲ್ಲ, ಯಾರೂ ಒಂದು ಡಾಲರ್ ಕೊಟ್ಟಿರಲಿಲ್ಲ. 2009ರಲ್ಲಿ ಮೊಕದ್ದಮೆ ಹೂಡಿದ, 2014ರಲ್ಲಿ ಗೆದ್ದ. ನಂತರದ ದಾರಿ ವೇಗವಾಗಿ ಸಾಗಿತು. 2019ರ ಸೆಪ್ಟೆಂಬರ್ 30ರಂದು ಕ್ಯಾಲಿಫೋರ್ನಿಯಾ ರಾಜ್ಯ ಆಟಗಾರರಿಗೆ ಜಾಹೀರಾತಿನ ಹಣದ ಹಕ್ಕು ಕೊಡುವ ಕಾನೂನಿಗೆ ಸಹಿ ಹಾಕಿತು, ಇತರ ರಾಜ್ಯಗಳು ಹಿಂಬಾಲಿಸಿದವು. 2021ರ ಜೂನ್ 21ರಂದು ‘ಆಲ್ಸ್‌ಟನ್’ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ತೀರ್ಪಿತ್ತರು. ಆ ತೀರ್ಪು ಓದಿಗೆ ಸಂಬಂಧಿಸಿದ ಸೌಲಭ್ಯಗಳ ಬಗ್ಗೆ ಮಾತ್ರವಿದ್ದರೂ ಸಂಸ್ಥೆಯ ಬಲ ಮುರಿದಿತ್ತು. ಹತ್ತು ದಿನಗಳಲ್ಲಿ ಜಾಹೀರಾತಿನ ನಿಷೇಧ ಹೋಯಿತು.

ವಿರೋಧಿಸುವವರ ಮಾತುಗಳನ್ನೂ ನ್ಯಾಯವಾಗಿ ಕೇಳಬೇಕು. ಮೊದಲನೆಯದು, ಹಣ ಬಂದರೆ ಓದು ಹಾಳಾಗುತ್ತದೆ ಎಂಬುದು. ವಾರದ ನಡುವೆ ಟಿವಿ ಪ್ರಸಾರಕ್ಕಾಗಿ ಸಾವಿರ ಮೈಲು ವಿಮಾನದಲ್ಲಿ ಕರೆದೊಯ್ಯುವಾಗ ಓದಿನ ಚಿಂತೆ ಮಾಡದವರು ಈ ಮಾತು ಆಡುವುದು ವಿಪರ್ಯಾಸ. ಎರಡನೆಯದು, ನಿಷ್ಠೆ ಉಳಿಯುವುದಿಲ್ಲ, ಹಣ ಹೆಚ್ಚು ಕೊಟ್ಟವರ ಕಡೆ ಹುಡುಗರು ಜಿಗಿಯುತ್ತಾರೆ ಎಂಬುದು. ಇದರಲ್ಲಿ ಸತ್ಯವಿದೆ. 2021ರಲ್ಲೇ ತಂಡ ಬದಲಿಸುವ ನಿಯಮವೂ ಸಡಿಲವಾಯಿತು. ಶ್ರೀಮಂತ ಹಳೆ ವಿದ್ಯಾರ್ಥಿಗಳು ಸೇರಿ ‘ಕಲೆಕ್ಟಿವ್’ ಎಂಬ ನಿಧಿಗಳನ್ನು ಕಟ್ಟಿ, ಜಾಹೀರಾತಿನ ಹೆಸರಿನಲ್ಲಿ ಆಟಗಾರರನ್ನು ಕೊಳ್ಳತೊಡಗಿದರು. ಆದರೆ ನಿಷ್ಠೆಯನ್ನು ಹತ್ತೊಂಬತ್ತರ ಹುಡುಗನಿಂದ ಮಾತ್ರ ಕೇಳುವುದೇಕೆ? 2023ರ ನವೆಂಬರಿನಲ್ಲಿ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ಕೋಚ್ ಜಿಂಬೊ ಫಿಷರ್‌ನನ್ನು ಕೆಲಸದಿಂದ ತೆಗೆದಾಗ, ಒಪ್ಪಂದದಂತೆ ಆತನಿಗೆ ಕೊಡಬೇಕಾಗಿ ಬಂದದ್ದು 7.5 ಕೋಟಿ ಡಾಲರಿಗೂ ಹೆಚ್ಚು. ಕೆಲಸ ಮಾಡದಿರಲು ಅಷ್ಟು ಹಣ ಕೊಡಬಲ್ಲ ಸಂಸ್ಥೆ, ಕೆಲಸ ಮಾಡುವ ಹುಡುಗನಿಗೆ ಹಣ ಬಂದರೆ ಆಟ ಕೆಡುತ್ತದೆ ಎಂದರೆ ನಂಬುವವರಾರು?

ಮೂರನೆಯದು, ಎಲ್ಲ ಹಣ ಗಂಡುಹುಡುಗರ ಎರಡು ಆಟಗಳಿಗೆ ಹೋಗಿ ಹೆಣ್ಣುಮಕ್ಕಳು ಬರಿಗೈಯಾಗುತ್ತಾರೆ ಎಂಬುದು. ಜಾಹೀರಾತಿನ ಮಟ್ಟಿಗೆ ಇದು ಪೂರ್ತಿ ನಿಜವಾಗಲಿಲ್ಲ. ಅಯೋವಾ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್, ಲೂಸಿಯಾನಾದ ಜಿಮ್ನಾಸ್ಟ್ ಒಲಿವಿಯಾ ಡನ್ ಇಬ್ಬರೂ ದೊಡ್ಡ ಒಪ್ಪಂದಗಳನ್ನು ಪಡೆದರು. ಕ್ಲಾರ್ಕ್ 2024ರಲ್ಲಿ ವೃತ್ತಿಪರ ಲೀಗ್ ಸೇರಿದಾಗ ಮೊದಲ ವರ್ಷದ ಸಂಬಳ 76,535 ಡಾಲರ್. ಜಿಮ್ನಾಸ್ಟಿಕ್ಸ್‌ನಲ್ಲಂತೂ ಕಾಲೇಜಿನ ನಂತರ ಸಂಬಳದ ಲೀಗೇ ಇಲ್ಲವೆನ್ನಬೇಕು. ಎಷ್ಟೋ ಹೆಣ್ಣುಮಕ್ಕಳಿಗೆ ಅವರ ಹೆಸರಿಗೆ ಬೆಲೆ ಇರುವುದು ಆ ನಾಲ್ಕೇ ವರ್ಷ. ಹಳೆಯ ನಿಯಮ ಕದ್ದದ್ದು ಆ ನಾಲ್ಕು ವರ್ಷಗಳನ್ನೇ. ಜೊತೆಗೆ, ಮಾರುಕಟ್ಟೆ ಹೆಣ್ಣುಮಕ್ಕಳಲ್ಲಿ ಆಟದ ಜೊತೆ ಬಣ್ಣವನ್ನೂ ರೂಪವನ್ನೂ ತೂಗುತ್ತದೆ ಎಂಬ ಮಾತನ್ನೂ ಅಲ್ಲಗಳೆಯಲಾಗದು.

ಆದ್ದರಿಂದ ಜಾಹೀರಾತಿನ ಹಣ ಸಲ್ಲಬೇಕೆ ಎಂಬ ಪ್ರಶ್ನೆಗೆ ನಮ್ಮ ಉತ್ತರ ನೇರವಾಗಿದೆ. ಸಲ್ಲಬೇಕು. ಒಬ್ಬನ ಹೆಸರು, ಮುಖ ಅವನವು. ಅವನ್ನು ಕಾಲೇಜು ಅವನಿಗೆ ಕೊಟ್ಟಿರಲಿಲ್ಲ, ಆದ್ದರಿಂದ ಕಸಿಯುವ ಅಧಿಕಾರವೂ ಅದಕ್ಕಿರಲಿಲ್ಲ.

ಆದರೆ ನಮ್ಮ ತಕರಾರು ಇಲ್ಲಿಂದ ಶುರುವಾಗುತ್ತದೆ. ಜಾಹೀರಾತಿನ ಹಣ ಹೆಸರಿನ ಬೆಲೆ, ದುಡಿಮೆಯ ಬೆಲೆಯಲ್ಲ. ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಎಸೆಯುವವನ ಮುಖ ಇಡೀ ದೇಶಕ್ಕೆ ಗೊತ್ತು. ಅವನ ಮುಂದೆ ಸಾಲಾಗಿ ನಿಂತು, ಎದುರಾಳಿಯ ಮೈಗೆ ಮೈಕೊಟ್ಟು, ಪ್ರತಿ ಬಾರಿಯೂ ತಲೆಗೆ ಭುಜಕ್ಕೆ ಏಟು ತಿನ್ನುವ ಹುಡುಗರ ಮುಖ ಶಿರಸ್ತ್ರಾಣದೊಳಗೇ ಉಳಿಯುತ್ತದೆ. ಬೂಟಿನ ಕಂಪನಿಗೆ ಅವರು ಬೇಕಿಲ್ಲ. ಅವರಿಲ್ಲದೆ ಪಂದ್ಯವಿಲ್ಲ. 2024ರಲ್ಲಿ ಹಳೆಯ ಕಾಲೇಜು ಫುಟ್‌ಬಾಲ್ ವಿಡಿಯೋ ಗೇಮ್ ಹನ್ನೊಂದು ವರ್ಷಗಳ ನಂತರ ಮತ್ತೆ ಬಂತು. ಈ ಬಾರಿ ಆಟಗಾರರನ್ನು ಕೇಳಿ ಅವರ ಹೆಸರು ಹಾಕಿದರು, ಒಬ್ಬೊಬ್ಬರಿಗೆ 600 ಡಾಲರ್ ಮತ್ತು ಗೇಮಿನ ಒಂದು ಪ್ರತಿ. ಕೇಳದೆ ಕದಿಯುವುದರಿಂದ ಕೇಳಿ ಕೊಳ್ಳುವವರೆಗೆ ಬಂದದ್ದು ಸಣ್ಣ ದೂರವಲ್ಲ ನಿಜ. ಆದರೂ ತಂಡದ ಬಹುಪಾಲು ಹುಡುಗರ ಪಾಲಿಗೆ ಹೊಸ ಸ್ವಾತಂತ್ರ್ಯದ ಗಾತ್ರ ಸುಮಾರಾಗಿ ಇಷ್ಟೇ.

2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ‘ಹೌಸ್’ ಮೊಕದ್ದಮೆಯ ಒಪ್ಪಂದಕ್ಕೆ ಅನುಮೋದನೆ ನೀಡಿದರು. ಹಿಂದಿನ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್. 2025–26ರ ಸಾಲಿಗೆ ಪ್ರತಿ ವಿಶ್ವವಿದ್ಯಾಲಯ ತನ್ನ ಆಟಗಾರರಿಗೆ 2.05 ಕೋಟಿ ಡಾಲರಿನವರೆಗೆ ನೇರವಾಗಿ ಕೊಡಬಹುದು. ಹಿಂಬಾಕಿಯ ಹೆಚ್ಚಿನ ಪಾಲು ಗಂಡುಹುಡುಗರ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲಿಗೆ ಹೋಗುತ್ತದೆಂದು ಕೆಲವು ಆಟಗಾರ್ತಿಯರು ಮೇಲ್ಮನವಿ ಹೂಡಿದರು. ಅವರ ದೂರು ಗಂಭೀರವಾದದ್ದು. ನಾವು ಇಲ್ಲಿ ಬೆರಳಿಟ್ಟು ತೋರಿಸಬೇಕೆಂದಿರುವುದು ಇನ್ನೊಂದು ಸಂಗತಿ. ಕಾಲೇಜು ಈಗ ಆಟಗಾರನಿಗೆ ಕೊಡುವ ಈ ಹಣವನ್ನೂ ಕಾಗದದ ಮೇಲೆ ಸಂಬಳವೆಂದು ಬರೆಯುವುದಿಲ್ಲ. ಅವನ ‘ಹೆಸರು, ಚಿತ್ರ, ಹೋಲಿಕೆ’ಗಳನ್ನು ಬಳಸಿಕೊಳ್ಳಲು ಕೊಟ್ಟ ಹಣವೆಂದೇ ಬರೆಯುತ್ತವೆ. ಬೆಳಗಿನ ಜಾವದ ಕಸರತ್ತು, ದಿನವಿಡೀ ಅಭ್ಯಾಸ, ಮುರಿದ ಮಂಡಿ ಯಾವುದೂ ಆ ಕಾಗದದಲ್ಲಿಲ್ಲ. ಕೋಚ್ ದುಡಿದದ್ದಕ್ಕೆ ಪಡೆಯುತ್ತಾನೆ, ಹುಡುಗ ಇದ್ದದ್ದಕ್ಕೆ ಪಡೆಯುತ್ತಾನೆ. ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಹಳೆಯ ಪದ ಮಾಡುತ್ತಿದ್ದ ಕೆಲಸವನ್ನು ಈಗ ಈ ಹೊಸ ಪದಗುಚ್ಛ ಮಾಡುತ್ತಿದೆ.

ಇದು ಬರೀ ಪದದ ಸಿಡುಕಲ್ಲ. ದುಡಿಮೆಯೆಂದು ಒಪ್ಪಿದರೆ ಸಂಘ ಕಟ್ಟುವ ಹಕ್ಕು ಬರುತ್ತದೆ, ಗಾಯಕ್ಕೆ ಪರಿಹಾರ ಬರುತ್ತದೆ, ದುಡಿಮೆಯ ಗಂಟೆಗಳಿಗೆ ಮಿತಿ ಬರುತ್ತದೆ. ಡಾರ್ಟ್‌ಮತ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಹುಡುಗರು 2024ರ ಮಾರ್ಚ್‌ನಲ್ಲಿ 13–2 ಮತಗಳಿಂದ ಸಂಘ ಕಟ್ಟಲು ತೀರ್ಮಾನಿಸಿದರು. ಆ ಕಾಲೇಜಿನಲ್ಲಿ ಆಟಕ್ಕೆ ವಿದ್ಯಾರ್ಥಿವೇತನವೂ ಇಲ್ಲ. ಕಾಲೇಜು ಅವರೊಡನೆ ಕುಳಿತು ಮಾತಾಡಲು ಒಪ್ಪಲಿಲ್ಲ. ಅದೇ ವರ್ಷದ ಕೊನೆಯ ದಿನ, ವಾಷಿಂಗ್ಟನ್ನಿನಲ್ಲಿ ಆಡಳಿತ ಬದಲಾಗುವ ಹೊತ್ತಿಗೆ, ಅರ್ಜಿಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಎನ್‌ಸಿಎಎ ಮಾತ್ರ, ಆಟಗಾರರು ನೌಕರರಲ್ಲವೆಂದು ಕಾನೂನೇ ಮಾಡಿಬಿಡಿ ಎಂದು ಸಂಸತ್ತನ್ನು ಕೇಳುತ್ತಲೇ ಬಂದಿದೆ. 2024ರಿಂದ ಕಾಲೇಜಿನ ಆಟ ಮುಗಿದ ಮೇಲೂ ಎರಡು ವರ್ಷ ಗಾಯದ ಚಿಕಿತ್ಸೆಗೆ ವಿಮೆ ಕೊಡುತ್ತಿದೆ. ಅದು ಒಳ್ಳೆಯದೇ. ಆದರೆ ಮುರಿದ ಮಂಡಿ ಎರಡು ವರ್ಷ ನೋಯ್ದು ಸುಮ್ಮನಾಗುವುದಿಲ್ಲ.

ಜಾಹೀರಾತಿನ ಹಣಕ್ಕಾಗಿ ನಡೆದ ಹೋರಾಟ ಗೆದ್ದದ್ದು ನ್ಯಾಯವೇ. ಅದನ್ನು ಹಿಂದಕ್ಕೆ ಪಡೆಯಬೇಕೆನ್ನುವವರು ಥೋರ್ಪ್‌ನ ಪದಕಗಳನ್ನು ಇನ್ನೊಮ್ಮೆ ಕಸಿಯುವವರು. ಆದರೆ ಹೆಸರು ಇದ್ದವನಿಗೆ ಹೆಸರಿನ ಬೆಲೆ ಸಿಕ್ಕಿತೆಂಬ ಸಂಭ್ರಮದಲ್ಲಿ, ಹೆಸರಿಲ್ಲದೆ ದುಡಿಯುವವನ ಲೆಕ್ಕ ಮುಚ್ಚಿಹೋಗಬಾರದು. ರೇ ಡೆನಿಸನ್‌ನ ಹೆಂಡತಿ ನ್ಯಾಯಾಲಯಕ್ಕೆ ಹೋದದ್ದು ಗಂಡನ ಭಾವಚಿತ್ರಕ್ಕೆ ಬೆಲೆ ಕೇಳಲು ಅಲ್ಲ. ಮೈದಾನದಲ್ಲಿ ಅವನು ಮಾಡುತ್ತಿದ್ದದ್ದು ಕೆಲಸ ಎಂದು ಒಪ್ಪಿಕೊಳ್ಳಿ ಎಂದು ಕೇಳಲು. 1957ರಲ್ಲಿ ಆಕೆಗೆ ಸಿಕ್ಕ ಉತ್ತರವನ್ನು ಕಾಲೇಜುಗಳು ಇವತ್ತಿಗೂ ಬದಲಿಸಿಲ್ಲ.